ಕೆಲಸಗಾರರ ಮನಸ್ಸು ಕುಸಿದಾಗ ಯಜಮಾನರು ಏನು ಮಾಡಬೇಕು?

ಶಿರಸಿಯ ಅಡಿಕೆ ವಖಾರಿಗಳಲ್ಲಿ ಆರಿಸುವವರ ಕಣ್ಣು ಭಾರಿ ಚುರುಕು. ಒಣಗಿಸಿ ಸುಲಿದ ಚಾಲಿ ಅಡಿಕೆಯ ಗುಡ್ಡೆಯಲ್ಲಿ ಕೆಳದರ್ಜೆಯ ಒಂದು ಬಿಳಿಗೋಟು ನುಸುಳಿದರೂ ಕೈ ಅಲ್ಲೇ ನಿಲ್ಲುತ್ತದೆ. ಅಂಥವರು ಎರಡು ವಾರದಿಂದ ಬೆರಕೆ ಮಾಡುತ್ತಿದ್ದರೆ, ಊಟಕ್ಕೆ ಜೊತೆಗೆ ಕೂರದೆ ಮೂಲೆ ಹಿಡಿದರೆ, ಸೋಮಾರಿತನವೆಂದು ಬೈಯುವ ಮೊದಲು ತುಸು ತಡೆಯಿರಿ. ಖಿನ್ನತೆ ಎಷ್ಟೋ ಸಲ ಮೊದಲು ಕಾಣುವುದು ಕೆಲಸದಲ್ಲೇ.

ಮೊದಲ ಹೆಜ್ಜೆ ಮಾತು. ಎಲ್ಲರೆದುರು ಬೇಡ, ಚಾ ಹೊತ್ತಿಗೆ ಹೊರಗೆ ಕರೆದು ಕೇಳಿ: "ತಮ್ಮಾ, ನೀನು ಮೊದಲಿನ ಹಾಗಿಲ್ಲ. ಎಂತ ಆಯ್ತು?" ಆಮೇಲೆ ಸುಮ್ಮನಿರಿ. "ಕಷ್ಟ ಯಾರಿಗಿಲ್ಲ, ಧೈರ್ಯ ತಗೋ" ಅಂದಿರೋ, ಮಾತು ಅಲ್ಲಿಗೇ ಮುಗಿಯಿತು. ಕಾಯಿಲೆಗೆ ಹೆಸರಿಡುವ ಕೆಲಸ ಡಾಕ್ಟರದ್ದು, ನಿಮ್ಮದಲ್ಲ.

ಬದುಕು ಸಾಕೆಂಬ ಮಾತು ಬಂದರೆ ನೇರವಾಗಿ ಕೇಳಿ: "ಸಾಯುವ ಯೋಚನೆ ಬರ್ತದಾ?" ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದೆಂದರೆ ಒಬ್ಬರನ್ನೇ ಬಿಡಬೇಡಿ, ಮನೆಯವರನ್ನು ಕರೆಸಿ, ತೋಟದ ಔಷಧಿಗೆ ಬೀಗ ಹಾಕಿಸಿ, ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.

ಉಳಿದಂತೆ ಟೆಲಿ ಮಾನಸ್ ಸಹಾಯವಾಣಿ 14416 ಇದೆ. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ವೈದ್ಯರು ತಾಲೂಕು ಆಸ್ಪತ್ರೆಗೆ ಬರುವ ದಿನ ವಿಚಾರಿಸಿಟ್ಟುಕೊಳ್ಳಿ. ಘಟ್ಟ ಇಳಿದು ಕಾರವಾರದ ಜಿಲ್ಲಾಸ್ಪತ್ರೆಗೆ ಹೋಗಿಬರಬೇಕಾದರೆ ದಿನವೇ ಹೋಗುತ್ತದೆ. ಆ ದಿನದ ಸಂಬಳ ಹಿಡಿಯಬೇಡಿ. ಮನೆಯವರು ಮೈಮೇಲೆ ದೇವರು ಬರುವವರ ಬಳಿ ದರ್ಶನ ಕೇಳಲು ಹೊರಟರೆ ಜಗಳವಾಡುವುದೇಕೆ? ಮಾತ್ರೆ ಮಾತ್ರ ತಪ್ಪದಂತೆ ಹೇಳಿ.

ಯಜಮಾನರ ಕೈಯಲ್ಲಿರುವ ನಿಜವಾದ ಮದ್ದು ಕೆಲಸದ ಹೊಂದಾಣಿಕೆ. ಖಿನ್ನತೆಯ ಮಾತ್ರೆ ಪರಿಣಾಮ ತೋರಲು ಕೆಲವು ವಾರ ಬೇಕು. ಕೆಲವು ಮಾತ್ರೆಗಳಿಂದ ಬೆಳಿಗ್ಗೆ ಮಂಪರು ಬರುವುದೂ ಉಂಟು. ಎಂಟರ ಬದಲು ಹತ್ತಕ್ಕೆ ಬರಲಿ. ಅಟ್ಟದ ಏಣಿ ಹತ್ತಿಸಬೇಡಿ, ತೂಕದ ಲೆಕ್ಕ ಕೆಲ ದಿನ ಬೇರೆಯವರು ಬರೆಯಲಿ. "ಮನೆಯಲ್ಲೇ ಇರು" ಎನ್ನುವುದು ನಿಮಗೆ ಉಪಕಾರವೆನಿಸಬಹುದು, ದಿನಗೂಲಿಯವರಿಗೆ ಅದು ಒಲೆಯ ಪ್ರಶ್ನೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಮಾನಸಿಕ ಅಸ್ವಸ್ಥತೆಯೂ ಸೇರಿದೆ ಎಂಬುದು ನೆನಪಿರಲಿ.

ರಜೆ ಮುಗಿಸಿ ಮರಳುವ ಮೊದಲ ದಿನವೇ ಕಠಿಣ. ಯಾರಿಗೆ ಎಷ್ಟು ಹೇಳಬೇಕೆಂದು ಅವರನ್ನೇ ಮೊದಲು ಕೇಳಿಕೊಳ್ಳಿ. ಹಮಾಲರು ವಿಚಾರಿಸಿದರೆ "ಆರಾಮಿರಲಿಲ್ಲ" ಎಂದರೆ ಸಾಕು. ಅಂದು ಸಣ್ಣ ಗುಡ್ಡೆ ಕೊಡಿ, ಸಂಜೆ ಹೇಗಾಯಿತೆಂದು ಕೇಳಿ. ತಿಂಗಳು ಕಳೆದ ಮೇಲೆ ಇಬ್ಬರೂ ಕೂತು ಬರುವ ಹೊತ್ತನ್ನೂ ಕೆಲಸವನ್ನೂ ಮತ್ತೆ ನಿಗದಿ ಮಾಡಿ.