ದುಬೈನ ಪಾಕಿಸ್ತಾನಿ ಹೋಟೆಲಿನಲ್ಲಿ ಊಟ: ಮೊದಲು ಹೇಳಬೇಕಾದ್ದು, ಕೇಳಿಯೇ ಹೇಳಬೇಕಾದ್ದು

ಪಾಕಿಸ್ತಾನಿ ಹೋಟೆಲಿಗೆ ಮೊದಲ ಸಲ ಹೋದವರು ಕಬಾಬ್, ನಾನ್ ಹೇಳಿ, ಅದು ಮುಗಿಯುತ್ತ ಬಂದಾಗ "ಒಂದು ಮಟನ್ ಕಡಾಯಿ" ಎನ್ನುತ್ತಾರೆ. ಆಮೇಲೆ ಮುಕ್ಕಾಲು ಗಂಟೆ ಖಾಲಿ ತಟ್ಟೆ ಎದುರಿಗಿಟ್ಟುಕೊಂಡು ಕೂರುತ್ತಾರೆ. ಸರ್ವಿಸ್ ನಿಧಾನ ಅಂತ ಬೈಯುತ್ತಾರೆ. ತಪ್ಪು ಸರ್ವಿಸಿನದಲ್ಲ, ಆರ್ಡರ್ ಕೊಟ್ಟ ಕ್ರಮದ್ದು.

ದುಬೈನ ಸತ್ವಾದಲ್ಲಿರುವ ರಾವಿ ರೆಸ್ಟೋರೆಂಟನ್ನು ಗಲ್ಫ್ ಕನ್ನಡಿಗರಲ್ಲಿ ಕೇಳದವರು ಕಡಿಮೆ. 1978ರಲ್ಲಿ ಚೌಧರಿ ಅಬ್ದುಲ್ ಹಮೀದ್ ಶುರುಮಾಡಿದ ಈ ಹೋಟೆಲಿನ ಹೆಸರಲ್ಲಿ 2022ರಲ್ಲಿ ಅಡಿಡಾಸ್ ಕಂಪನಿ ಶೂ ಕೂಡ ಬಿಟ್ಟಿತು. ಆದರೆ ಕೆಳಗೆ ಹೇಳಿರುವುದು ಅದೊಂದಕ್ಕೇ ಅಲ್ಲ. ದೇರಾ, ಕರಾಮಾ, ಶಾರ್ಜಾದ ಯಾವುದೇ ಲಾಹೋರಿ, ಕರಾಚಿ, ಪೇಶಾವರಿ ಹೋಟೆಲಿಗೂ ಹೊಂದುತ್ತದೆ.

ಮೆನು ಅಲ್ಲ, ಒಲೆ ನೋಡಿ

ಇಂಥ ಹೋಟೆಲಿನ ಮೆನುವಿನಲ್ಲಿ ಎಷ್ಟೇ ಪುಟ ಇದ್ದರೂ ಅಡುಗೆ ಬರುವುದು ನಾಲ್ಕು ಕಡೆಯಿಂದ: ದೇಗ್, ಕೆಂಡ, ಕಡಾಯಿ ಒಲೆ, ತಂದೂರ್. ಯಾವ ಪದಾರ್ಥ ಎಲ್ಲಿಂದ ಬರುತ್ತದೆ ಅಂತ ಗೊತ್ತಾದರೆ ಯಾವಾಗ ಹೇಳಬೇಕು ಅನ್ನುವುದೂ ಗೊತ್ತಾಗುತ್ತದೆ.

ದೇಗ್ ಅಂದರೆ ದೊಡ್ಡ ಹಂಡೆ. ನಿಹಾರಿ, ಪಾಯಾ, ಹಲೀಮ್, ಬಿರಿಯಾನಿ ಎಲ್ಲ ಅದರಲ್ಲಿ ಮೊದಲೇ ಬೆಂದಿರುತ್ತವೆ. ಹೇಳಿದ ಐದು ನಿಮಿಷಕ್ಕೆ ಮೇಜಿಗೆ ಬರುತ್ತವೆ. ಹಸಿವು ಜೋರಾಗಿದ್ದರೆ ಇಲ್ಲಿಂದ ಶುರುಮಾಡಿ. ಸೀಖ್ ಕಬಾಬ್, ಟಿಕ್ಕಾ, ಚಾಪ್ಸ್ ಕೆಂಡದ ಮೇಲೆ ಸುಡಬೇಕಾದ್ದರಿಂದ ಹದಿನೈದಿಪ್ಪತ್ತು ನಿಮಿಷ ಹಿಡಿಯುತ್ತದೆ.

ಕಡಾಯಿಯದ್ದೇ ಬೇರೆ ಲೆಕ್ಕ. ಪೇಶಾವರಿ ಅಥವಾ ಶಿನ್ವಾರಿ ಕಡಾಯಿಗೆ ಮೂಳೆಸಹಿತ ಹಸಿ ಮಾಂಸ, ಕೊಬ್ಬು, ಉಪ್ಪು, ಟೊಮೆಟೊ, ಹಸಿಮೆಣಸಿನಕಾಯಿ ಇಷ್ಟೇ. ಈರುಳ್ಳಿ ಮಸಾಲೆಯ ಗೊಜ್ಜು ಇರುವುದಿಲ್ಲ. ಮಾಂಸ ತನ್ನದೇ ನೀರಿನಲ್ಲಿ ಬೆಂದು, ಟೊಮೆಟೊ ಕರಗಿ, ಎಣ್ಣೆ ಬಿಡುವ ತನಕ ಕಾಯಲೇಬೇಕು: ಕೋಳಿಯಾದರೆ ಸುಮಾರು ಇಪ್ಪತ್ತೈದು ನಿಮಿಷ, ಮಟನ್ ಆದರೆ ನಲವತ್ತರ ಮೇಲೆ. ಮಟನ್ ಕಡಾಯಿ ಕಾಲು ಗಂಟೆಯೊಳಗೆ ಬಂತು ಅಂದರೆ ಮಾಂಸ ಮೊದಲೇ ಬೇಯಿಸಿಟ್ಟದ್ದು ಅಂತಲೇ ಲೆಕ್ಕ. ರಸವೆಲ್ಲ ಬೇಯಿಸಿದ ನೀರಿಗೆ ಹೋಗಿರುತ್ತದೆ, ತುಂಡಿನ ರುಚಿ ಒಂದು ಕಡೆ, ಮಸಾಲೆ ಇನ್ನೊಂದು ಕಡೆ. ಆದ್ದರಿಂದ ಕೂತ ಕೂಡಲೇ, ನೀರು ಕುಡಿಯುವ ಮೊದಲೇ ಕಡಾಯಿ ಹೇಳಿ. ಹೊರಡುವಾಗಲೇ ಫೋನ್ ಮಾಡಿ ಹೇಳಿಟ್ಟರೆ ಇನ್ನೂ ಒಳ್ಳೆಯದು.

ತಂದೂರಿನದು ಎಲ್ಲದಕ್ಕಿಂತ ಕೊನೆಗೆ. ನಾಲ್ಕು ಜನ ಇದ್ದೀರಿ ಅಂತ ಒಟ್ಟಿಗೆ ಎಂಟು ನಾನ್ ತರಿಸಿದರೆ ಕೊನೆಯ ನಾಲ್ಕು ಚಪ್ಪಲಿಯ ತೊಗಲಿನಂತಾಗಿರುತ್ತವೆ. ಮೊದಲು ನಾಲ್ಕು, ಅದು ಮುಗಿಯುವ ಮುಂಚೆ "ಭಾಯಿ, ದೋ ಗರಮ್ ರೋಟಿ" ಅಂತ ಎರಡೆರಡೇ ತರಿಸಿಕೊಳ್ಳಿ. ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ, ಅಲ್ಲಿ ಎಲ್ಲರೂ ಹಾಗೇ ತಿನ್ನುವುದು.

ಎಷ್ಟು ಹೇಳಬೇಕು

ಕಡಾಯಿ ಪ್ಲೇಟಿನ ಲೆಕ್ಕದಲ್ಲಿ ಬರುವುದಿಲ್ಲ, ತೂಕದ ಲೆಕ್ಕ: ಅರ್ಧ ಕಿಲೋ, ಒಂದು ಕಿಲೋ. ಅದು ಮೂಳೆಸಹಿತ ಹಸಿ ಮಾಂಸದ ತೂಕ. ರೊಟ್ಟಿ ಜೊತೆ ಅರ್ಧ ಕಿಲೋ ಇಬ್ಬರಿಗೆ ಧಾರಾಳ. ನಾಲ್ವರಿಗೆ ಬರೀ ಕಡಾಯಿ ಆದರೆ ಒಂದು ಕಿಲೋ. ಕಬಾಬ್, ಬೇಳೆ ಕೂಡ ಇದ್ದರೆ ಅರ್ಧ ಕಿಲೋಗೇ ನಿಲ್ಲಿಸಿ. ಬಿರಿಯಾನಿಯನ್ನೂ ಕಡಾಯಿಯನ್ನೂ ಒಂದೇ ಊಟಕ್ಕೆ ಹೇಳುವುದು ನಮ್ಮವರ ಚಾಳಿ. ಎರಡೂ ಅರ್ಧಕ್ಕೆ ಉಳಿಯುತ್ತವೆ. ಬಿರಿಯಾನಿಯ ಆಸೆಯಿದ್ದರೆ ಕರಾಚಿ ಹೋಟೆಲಿಗೆ ಇನ್ನೊಂದು ದಿನ ಹೋಗಿ. ಆಲೂಗಡ್ಡೆ, ಆಲೂಬುಖಾರಾ ಹಣ್ಣು ಹಾಕಿದ ಸಿಂಧಿ ಬಿರಿಯಾನಿಗೆ ಒಂದು ಪೂರ್ತಿ ಹೊಟ್ಟೆ ಮೀಸಲಿಡಬೇಕು.

ಕಡಾಯಿಯ ಮೇಲೆ ತೇಲುವ ಎಣ್ಣೆ ನೋಡಿ ಗಾಬರಿಯಾಗಬೇಡಿ. ಅದು ಬೆಂದಿದೆ ಅನ್ನುವ ಗುರುತು. ಬೇಡವಾದರೆ ಹೇಳುವಾಗಲೇ "ತೇಲ್ ಕಮ್" ಅನ್ನಿ; ಆದ ಮೇಲೆ ಬಗ್ಗಿಸಿ ಚೆಲ್ಲಿದರೆ ಮಸಾಲೆಯೂ ಹೋಗುತ್ತದೆ. ಬ್ಯಾಡಗಿ ಮೆಣಸಿನಕಾಯಿಗೆ ಒಗ್ಗಿದ ಕಣ್ಣಿಗೆ ಇಲ್ಲಿ ಇನ್ನೊಂದು ಮೋಸ ಕಾದಿದೆ. ಬಣ್ಣದಿಂದ ಖಾರ ಅಳೆಯಲಾಗದು. ಬಿಳಿ ಕಡಾಯಿ ಮೊಸರು, ಕೆನೆಯಿಂದ ಬೆಳ್ಳಗೆ ಕಾಣುತ್ತದೆ, ಆದರೆ ಕಾಳುಮೆಣಸೂ ಹಸಿಮೆಣಸಿನಕಾಯಿಯೂ ಸೇರಿ ಬಾಯಿ ಸುಡುತ್ತದೆ. ಮಕ್ಕಳಿದ್ದರೆ "ಮಿರ್ಚ್ ಕಮ್" ಅನ್ನುವುದನ್ನು ಮರೆಯಬೇಡಿ, ಅಥವಾ ಕೆನೆ ಹಾಕಿದ ಮಲಾಯಿ ಬೋಟಿ ಹೇಳಿ (ಇಲ್ಲಿ ಬೋಟಿ ಅಂದರೆ ಮಾಂಸದ ತುಂಡು, ನಮ್ಮ ಕರುಳಿನ ಬೋಟಿ ಅಲ್ಲ).

ಯಾವ ಮಾಂಸ ಅಂತ ಕೇಳಿ

ಕಲಬುರಗಿ, ಬೀದರ್ ಕಡೆಯವರಿಗೆ "ಬಡೇ ಕಾ, ಛೋಟೇ ಕಾ" ಅನ್ನುವುದು ಹೊಸದಲ್ಲ. ಇಲ್ಲೂ ಅದೇ: ಬಡಾ ಗೋಶ್ತ್ ಅಂದರೆ ದನದ್ದು, ಛೋಟಾ ಅಂದರೆ ಆಡು, ಕುರಿ. ನಿಹಾರಿ, ಹಲೀಮ್, ಚಪ್ಲಿ ಕಬಾಬ್, ಬಿಹಾರಿ ಕಬಾಬ್ ಪಕ್ಕದಲ್ಲಿ ಏನೂ ಬರೆದಿಲ್ಲ ಅಂದರೆ ದನದ ಮಾಂಸ ಅಂತಲೇ ತಿಳಿಯಿರಿ. ಸೀಖ್ ಕಬಾಬ್ ಎರಡರಲ್ಲೂ ಇರುತ್ತದೆ, ಕೋಳಿಯದ್ದೂ ಇರುತ್ತದೆ. ದನದ್ದು ತಿನ್ನದವರು ಪ್ರತಿ ಪದಾರ್ಥಕ್ಕೂ ಬೇರೆ ಬೇರೆಯಾಗಿ ಕೇಳಬೇಕು. "ಎಲ್ಲ ಮಟನ್ನೇ ಅಲ್ವಾ" ಅಂತ ಒಟ್ಟಿಗೆ ಕೇಳಿದರೆ ಗದ್ದಲದಲ್ಲಿ "ಜೀ ಜೀ" ಅಂದುಬಿಡುತ್ತಾರೆ. ಮಗಜ್ ಅಂದರೆ ಮೆದುಳು, ಗುರ್ದಾ ಅಂದರೆ ಮೂತ್ರಪಿಂಡ, ಕಪೂರಾ ಅಂದರೆ ವೃಷಣ. ಇವನ್ನೆಲ್ಲ ದೊಡ್ಡ ತವಾದ ಮೇಲೆ ಟಕಟಕ ಕೊಚ್ಚಿ ಮಾಡುವುದಕ್ಕೆ ಟಕಾಟಕ್ ಅಥವಾ ಕಟಾಕಟ್ ಅನ್ನುತ್ತಾರೆ. ಹೆಸರು ಚೆನ್ನಾಗಿದೆ ಅಂತ ಹೇಳಿ ಪೇಚಿಗೆ ಸಿಕ್ಕಿಕೊಳ್ಳಬೇಡಿ.

ಸಸ್ಯಾಹಾರಿಗಳಿಗೆ ದಾರಿ ಇಲ್ಲದಿಲ್ಲ. ಮಾಷ್ ದಾಲ್ ಹೇಳಿ. ಇಡ್ಲಿ ದೋಸೆಗೆ ನೆನೆಹಾಕುವ ಅದೇ ಬಿಳಿ ಉದ್ದಿನಬೇಳೆ, ಆದರೆ ರುಬ್ಬದೆ, ಒಂದೊಂದು ಕಾಳೂ ಬಿಡಿಬಿಡಿಯಾಗಿರುವಂತೆ ಬೇಯಿಸಿ, ಶುಂಠಿ, ಹಸಿಮೆಣಸಿನಕಾಯಿ, ಈರುಳ್ಳಿ ಒಗ್ಗರಣೆ ಕೊಟ್ಟಿರುತ್ತಾರೆ. ಉದ್ದಿನಬೇಳೆಯನ್ನು ಹೀಗೂ ತಿನ್ನಬಹುದೇ ಅನ್ನಿಸುತ್ತದೆ. ಎರಡು ನಿಮಿಷ ಹೆಚ್ಚು ಬೆಂದರೆ ಲೋಳೆಯಾಗುತ್ತದೆ, ಹಾಗೆ ಬಂದರೆ ಅಡುಗೆಯವರ ಕೈ ತಪ್ಪಿದೆ ಅಂತ. ಪಾಲಕ್, ಭಿಂಡಿ, ಚನಾ ಕೂಡ ಸಿಗುತ್ತವೆ, ಆದರೆ ತರಕಾರಿ ಪಟ್ಟಿಯಲ್ಲೇ ಪಾಲಕ್ ಗೋಶ್ತ್, ಮುರ್ಗ್ ಚನಾ ಸೇರಿಕೊಂಡಿರುವುದುಂಟು, "ಗೋಶ್ತ್ ಬಿಲ್ಕುಲ್ ನಹೀ?" ಅಂತ ಕೇಳಿ. ರೋಗನಿ ನಾನ್‌ಗೆ ಮೊಟ್ಟೆ ಹಾಕುವವರಿದ್ದಾರೆ, ತಂದೂರಿ ರೊಟ್ಟಿ ಸುರಕ್ಷಿತ. ಇನ್ನು ಸೌಟು, ತವಾ ಬೇರೆಯೇ ಇರಬೇಕು ಅನ್ನುವವರಿಗೆ ಇದು ಜಾಗವಲ್ಲ. ಕರಾಮಾದಲ್ಲಿ ಉಡುಪಿ ಹೋಟೆಲುಗಳಿವೆ.

ನಿಹಾರಿ ತಿನ್ನುವ ಬಗೆ

ದನದ ಕಣಕಾಲಿನ ಮಾಂಸವನ್ನು ರಾತ್ರಿಯೆಲ್ಲ ಸಣ್ಣ ಉರಿಯಲ್ಲಿ ಬೇಯಿಸಿ, ಗೋಧಿಹಿಟ್ಟು ಕದಡಿ ಮಂದ ಮಾಡುವ ಅಡುಗೆ ಇದು. ಹಳೇ ದಿಲ್ಲಿಯದು, 1947ರ ನಂತರ ಕರಾಚಿಗೆ ವಲಸೆ ಹೋದವರ ಜೊತೆ ಹೋಯಿತು. ಬಟ್ಟಲಿನ ಪಕ್ಕ ಒಂದು ತಟ್ಟೆಯಲ್ಲಿ ಶುಂಠಿಯ ಎಳೆಗಳು, ಹೆಚ್ಚಿದ ಹಸಿಮೆಣಸಿನಕಾಯಿ, ಕೊತ್ತಂಬರಿ, ನಿಂಬೆಹೋಳು ಬರುತ್ತವೆ. ಎಲ್ಲವನ್ನೂ ಒಟ್ಟಿಗೆ ಸುರಿದು ಕಲಸಬೇಡಿ. ಮೊದಲು ಬರೀ ರೊಟ್ಟಿ ಅದ್ದಿ ರುಚಿ ನೋಡಿ: ರಸ ರೊಟ್ಟಿಗೆ ಅಂಟಿಕೊಳ್ಳಬೇಕು, ನೀರಾಗಿ ಇಳಿಯಬಾರದು. ನಾಲಿಗೆಗೆ ಹಸಿಹಿಟ್ಟು ಹತ್ತಿದಂತಾದರೆ ಹಿಟ್ಟನ್ನು ತಡವಾಗಿ ಹಾಕಿ ಸರಿಯಾಗಿ ಕುದಿಸಿಲ್ಲ ಎಂದರ್ಥ. ಆಮೇಲೆ ಅರ್ಧ ಬಟ್ಟಲಿಗೆ ನಿಂಬೆ ಹಿಂಡಿ, ಪ್ರತಿ ತುತ್ತಿಗೂ ಎರಡೆಳೆ ಶುಂಠಿ ಇಟ್ಟುಕೊಳ್ಳಿ. ಆ ಜಿಡ್ಡನ್ನು ಕತ್ತರಿಸುವುದು ಶುಂಠಿಯೇ. ನಲ್ಲಿ ನಿಹಾರಿ (ನಲ್ಲಿ ಅಂದರೆ ಮಜ್ಜೆ ತುಂಬಿದ ಮೂಳೆ) ಹೇಳಿದ್ದರೆ ಮೂಳೆಯನ್ನು ತಟ್ಟೆಗೆ ತಟ್ಟಿ ಮಜ್ಜೆ ಬೀಳಿಸಿ ರಸದಲ್ಲಿ ಕದಡಿ. ಬಿಸಿ ಇರುವಾಗಲೇ ಆಗಬೇಕು, ಆರಿದರೆ ಒಳಗೇ ಗಟ್ಟಿಯಾಗುತ್ತದೆ. ಜೊತೆಗೆ ಹುದುಗಿಸಿದ ಹಿಟ್ಟಿನ ಖಮೀರಿ ರೊಟ್ಟಿ ಒಳ್ಳೆಯದು. ಅನ್ನ ಬೇಡ.

ಬೆಳಿಗ್ಗೆ ಹೋಗುವವರಿಗೆ ಹಲ್ವಾ ಪೂರಿ ಇದೆ: ಮೈದಾದ ಅಗಲವಾದ ತೆಳ್ಳನೆ ಪೂರಿ, ಚನಾ, ಆಲೂ, ರವೆಯ ಹಲ್ವಾ. ಹಲ್ವಾವನ್ನು ಕೊನೆಗೆ ಅಂತ ಎತ್ತಿಡಬೇಡಿ, ಚನಾದ ಜೊತೆಜೊತೆಗೇ ತಿನ್ನಬೇಕು.

ಕುಡಿಯಲು, ಬಿಲ್ಲು, ಪಾರ್ಸೆಲ್

ಮದ್ಯ ಇರುವುದಿಲ್ಲ. (ಲಂಡನ್ನಿನ ವೈಟ್‌ಚಾಪೆಲ್‌ನಲ್ಲಿ 1972ರಿಂದ ಇರುವ ತಯ್ಯಬ್ಸ್‌ನಲ್ಲಿ ಗಿರಾಕಿಗಳೇ ಬಾಟಲಿ ತರುವ ರೂಢಿಯಿದೆ, ದುಬೈನಲ್ಲಿ ಅಂಥದ್ದು ಮಾಡಲು ಹೋಗಬೇಡಿ.) ಹಸಿರು ಬಣ್ಣದ ಪಾಕೋಲಾ ಒಮ್ಮೆ ಕುಡಿದು ನೋಡಬಹುದು. 1950ರ ಆಗಸ್ಟ್ 14ರಂದು ಬಿಡುಗಡೆಯಾದ, ಐಸ್‌ಕ್ರೀಮ್ ಸೋಡಾ ರುಚಿಯ ಪಾನೀಯ, ಸಿಹಿ ಜಾಸ್ತಿ. ಲಸ್ಸಿ ದೊಡ್ಡ ಲೋಟದಲ್ಲಿ ಬಂದು ಹೊಟ್ಟೆ ತುಂಬಿಸಿಬಿಡುತ್ತದೆ, ಇಬ್ಬರಿಗೆ ಒಂದು ಸಾಕು. ಕಡಾಯಿ ತಿಂದ ಮೇಲೆ ಏಲಕ್ಕಿ ಹಾಕಿದ ಹಸಿರು ಚಹಾ, ಅಂದರೆ ಖಹ್ವಾ, ಹಗುರ. ದೂಧ್ ಪತ್ತಿ ಚಹಾಕ್ಕೆ ನೀರೇ ಇಲ್ಲ, ಹಾಲಿನಲ್ಲೇ ಚಹಾಪುಡಿ ಕುದಿಸುತ್ತಾರೆ. ಹತ್ತು ನಿಮಿಷ ಬೇಕು, ಕೊನೆಯ ರೊಟ್ಟಿ ಹೇಳುವಾಗಲೇ ಅದನ್ನೂ ಹೇಳಿಬಿಡಿ.

ಸಲಾಡ್, ರಾಯಿತ ಕೆಲವೆಡೆ ಪುಕ್ಕಟೆ, ಕೆಲವೆಡೆ ಬಿಲ್ಲಿಗೆ ಸೇರುತ್ತವೆ, ಕೇಳಿ. ಸಂಸಾರ ಸಮೇತ ಹೋದರೆ "ಫ್ಯಾಮಿಲಿ" ಅನ್ನಿ, ಬೇರೆ ಹಾಲ್ ಇದ್ದರೆ ಕೂರಿಸುತ್ತಾರೆ. ಶುಕ್ರವಾರ ನಮಾಜಿನ ಹೊತ್ತಿಗೆ, ರಂಜಾನ್‌ನಲ್ಲಿ ಇಫ್ತಾರಿನ ಹೊತ್ತಿಗೆ ಹೋದರೆ ಕಾಯುವುದು ತಪ್ಪಿದ್ದಲ್ಲ.

ಉಳಿದದ್ದನ್ನು ಧೈರ್ಯವಾಗಿ ಪಾರ್ಸೆಲ್ ಮಾಡಿಸಿ. ಕಡಾಯಿ ಮರುದಿನ ಇನ್ನೂ ರುಚಿ. ನಿಹಾರಿ ಫ್ರಿಜ್ಜಿನಲ್ಲಿ ಗಟ್ಟಿಯಾಗುತ್ತದೆ, ಬಿಸಿ ಮಾಡುವಾಗ ಕಾಲು ಲೋಟ ಬಿಸಿನೀರು ಸೇರಿಸಿ ಸಣ್ಣ ಉರಿಯಲ್ಲಿ ಕದಡಿ. ಶುಂಠಿ, ನಿಂಬೆಯನ್ನು ಬೇರೆಯಾಗಿ ಕಟ್ಟಿಸಿಕೊಳ್ಳಿ. ನಾನ್ ಮಾತ್ರ ಬಿಟ್ಟುಬನ್ನಿ, ಮನೆಯಲ್ಲಿ ಚಪಾತಿ ಮಾಡಿಕೊಳ್ಳುವುದೇ ಮೇಲು.