ಸೀಸದ ಗಣಿಯ ಹಳೆಯ ಲೆಕ್ಕ ಓದಿದ ಬಗೆ: ನನ್ನ ಅನುಭವ

ಉತ್ತರ ಇಂಗ್ಲೆಂಡಿನ ಸೀಸದ ಗಣಿಗಳ ಹಳೆಯ ಕಾಗದಪತ್ರ ಓದಬೇಕು, ಎಲ್ಲಿಂದ ಶುರು ಮಾಡಲಿ ಎಂದು ಯಾರಾದರೂ ಕೇಳಿದರೆ ನಾನು ಹೇಳುವುದು ಒಂದೇ ಮಾತು: ಮೊದಲು ಲೆಕ್ಕದ ಪುಸ್ತಕ ಹಿಡಿಯಿರಿ, ಪತ್ರಗಳನ್ನು ಆಮೇಲೆ ಓದಿ. ಸಾಮಾನ್ಯವಾಗಿ ಜನ ಇದನ್ನು ತಿರುಗುಮುರುಗು ಮಾಡುತ್ತಾರೆ. ಪತ್ರದಲ್ಲಿ ಮನುಷ್ಯರ ದನಿ ಕೇಳಿಸುತ್ತದೆ, ಸಿಟ್ಟು, ಅವಸರ, ನಯವಾದ ಗದರಿಕೆ ಎಲ್ಲ ಸಿಗುತ್ತದೆ, ಅದಕ್ಕೇ ಆ ಕಡೆ ಕೈ ಹೋಗುತ್ತದೆ. ಆದರೆ ಒಡೆಯನ ಪರವಾಗಿ ಗಣಿಯ ವ್ಯವಹಾರ ನೋಡಿಕೊಳ್ಳುತ್ತಿದ್ದ ಏಜೆಂಟ್ ಯಾಕೆ ಸಿಟ್ಟಾಗಿದ್ದ ಎನ್ನುವುದು ಪತ್ರದಲ್ಲಿರುವುದಿಲ್ಲ. ಅದು ಲೆಕ್ಕದಲ್ಲಿರುತ್ತದೆ.

ನಾನು ನ್ಯೂಕ್ಯಾಸಲ್‌ನಲ್ಲಿದ್ದೇನೆ, ಲೆಕ್ಕಪರಿಶೋಧನೆ ನನ್ನ ಕಸುಬು. ಬಿಡುವಿನಲ್ಲಿ ಸ್ವಯಂಸೇವಕರ ಒಂದು ಗುಂಪಿನ ಜೊತೆ ಸೇರಿ 18ನೇ ಶತಮಾನದ ಗಣಿ ಮತ್ತು ಎಸ್ಟೇಟ್ ದಾಖಲೆಗಳನ್ನು ಓದಿ ಟೈಪ್ ಮಾಡುವ ಕೆಲಸ ಹಿಡಿದೆ. ನಮ್ಮ ಪಾಲಿಗೆ ಬಂದದ್ದು ಬ್ಲ್ಯಾಕೆಟ್ ಮನೆತನದ ವ್ಯವಹಾರ. ನಾರ್ತಂಬರ್ಲೆಂಡಿನ ಆಲೆಂಡೇಲ್ ಮತ್ತು ಪಕ್ಕದ ಡರಂ ಜಿಲ್ಲೆಯ ವಿಯರ್‌ಡೇಲ್ ಕಣಿವೆಗಳಲ್ಲಿ ಅವರ ಸೀಸದ ಗಣಿಗಳಿದ್ದವು. ಕೋಲ್‌ಕ್ಲೂ, ಆಲೆನ್‌ಹೆಡ್ಸ್ ಎಂಬ ಗುಡ್ಡದ ತುದಿಯ ಊರುಗಳಲ್ಲಿ ಅದಿರು ಅಗೆದು, ಹೆಕ್ಸಂ ಹತ್ತಿರ ಡೆವಿಲ್ಸ್ ವಾಟರ್ ಎಂಬ ಹೊಳೆಯ ದಡದ ಡ್ಯೂಕ್ಸ್‌ಫೀಲ್ಡ್‌ನಲ್ಲಿ ಕರಗಿಸುತ್ತಿದ್ದರು. ವಾಲಿಂಗ್ಟನ್ ಎಂಬ ದೊಡ್ಡ ಎಸ್ಟೇಟ್, ಅದರ ಗೇಣಿದಾರರು, ಕಾಡು, ಹೆಕ್ಸಂ ಪಟ್ಟಣದ ಮೇಲಿನ ಒಡೆತನ, ಇವೂ ಅದೇ ಮನೆತನದ್ದು.

ಮನೆತನದ ಕಥೆಯಲ್ಲಿ ಒಂದು ತಿರುವು ಗೊತ್ತಿದ್ದರೆ ಮುಂದಿನದು ಸುಲಭ. 1728ರಲ್ಲಿ ಸರ್ ವಿಲಿಯಂ ಬ್ಲ್ಯಾಕೆಟ್ ತೀರಿಕೊಂಡಾಗ ಉಳಿಸಿಹೋದ ಸಾಲ ಸುಮಾರು 77,000 ಪೌಂಡ್. ಆ ಕಾಲಕ್ಕೆ ಅದು ಎದೆ ಒಡೆಯುವ ಮೊತ್ತ. ಮದುವೆಯಾಚೆ ಹುಟ್ಟಿದ ಮಗಳು ಎಲಿಜಬೆತ್ ಆರ್ಡ್‌ಗೆ ಆಸ್ತಿ ಸಿಗಬೇಕಾದರೆ ಆಕೆ ವಾಲ್ಟರ್ ಕ್ಯಾಲ್ವರ್ಲಿಯನ್ನು ಮದುವೆಯಾಗಬೇಕು, ಆತ ಬ್ಲ್ಯಾಕೆಟ್ ಎಂಬ ಹೆಸರು ಇಟ್ಟುಕೊಳ್ಳಬೇಕು ಎಂದು ಉಯಿಲು ಬರೆದಿಟ್ಟಿದ್ದ. 1729ರಲ್ಲಿ ಮದುವೆ ಆಯಿತು. ಈ ವಾಲ್ಟರ್ 1734ರಿಂದ ಸಾಯುವ ತನಕ, ಅಂದರೆ 1777ರವರೆಗೆ, ನ್ಯೂಕ್ಯಾಸಲ್‌ನ ಸಂಸದ. ಅಧಿವೇಶನದ ತಿಂಗಳುಗಳಲ್ಲಿ ಲಂಡನ್ನಿನಲ್ಲಿರುತ್ತಿದ್ದ. ಅವನ ನಂತರ ವಾಲಿಂಗ್ಟನ್ ಟ್ರೆವೆಲಿಯನ್ ಮನೆತನಕ್ಕೆ ಹೋಯಿತು, ಸೀಸದ ಗಣಿಗಳು ಯಾರ್ಕ್‌ಶೈರಿನ ಬ್ರೆಟನ್‌ನಲ್ಲಿದ್ದ ಥಾಮಸ್ ವೆಂಟ್‌ವರ್ತ್ ಪಾಲಾದವು. ಒಡೆಯ ಊರಲ್ಲಿಲ್ಲ, ಏಜೆಂಟ್ ನ್ಯೂಕ್ಯಾಸಲ್‌ನಲ್ಲಿ, ಗಣಿ ಗುಡ್ಡದ ಮೇಲೆ. ಹೀಗೆ ಮೂವರು ಮೂರು ಕಡೆ ಇದ್ದದ್ದರಿಂದಲೇ ಎಲ್ಲವನ್ನೂ ಬರೆದು ತಿಳಿಸಬೇಕಾಯಿತು. ಒಡೆಯನೇ ಗಣಿಯ ಬಾಯಲ್ಲಿ ನಿಂತು ಕೆಲಸ ಮಾಡಿಸಿದ್ದರೆ ನಮಗೆ ಓದಲು ಏನೂ ಸಿಗುತ್ತಿರಲಿಲ್ಲ.

ಅಕ್ಷರ ಕಲಿಯುವುದು ಅಂಥ ಕಷ್ಟವಲ್ಲ. ಉದ್ದನೆಯ ಎಸ್, ಸಾಲಿನ ಮೇಲೆ ಪುಟ್ಟದಾಗಿ ಬರೆದ ಸಂಕ್ಷೇಪ, ಸ್ವಲ್ಪ ದಿನಕ್ಕೆ ಕಣ್ಣಿಗೆ ರೂಢಿಯಾಗುತ್ತದೆ. ನಿಜವಾದ ತೊಡಕು ತಾರೀಖು ಮತ್ತು ಅಳತೆ. 1752ಕ್ಕೆ ಮೊದಲು ಅಲ್ಲಿ ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ಹಾಗಾಗಿ ಫೆಬ್ರವರಿಯ ಪತ್ರದ ಮೇಲೆ 1738/9 ಎಂದು ಎರಡು ವರ್ಷ ಬರೆದಿರುವುದುಂಟು. ಬರೀ 1738 ಎಂದಿದ್ದರೆ ಅದನ್ನು ನಮ್ಮ ಲೆಕ್ಕದ 1739 ಎಂದು ಹಿಡಿಯಬೇಕು. ಹಾಗೆ ಮಾಡದಿದ್ದರೆ ಉತ್ತರ ಮೊದಲು ಬಂದು ಪ್ರಶ್ನೆ ಆಮೇಲೆ ಹೋದಂತೆ ಕಾಣುತ್ತದೆ. 1752ರಲ್ಲಿ ಸೆಪ್ಟೆಂಬರ್ 2ರ ಮರುದಿನವೇ 14 ಎಂದು ಎಣಿಸಿದರು. ಆ ತಿಂಗಳ ಕೂಲಿಯ ಲೆಕ್ಕ ನೋಡುವಾಗ ಇದು ನೆನಪಿರಬೇಕು.

ಅಳತೆಯಲ್ಲಿ ಎರಡು ಪದ ಗಟ್ಟಿಯಾದರೆ ಸಾಕು. ತೊಳೆದು ಸಿದ್ಧವಾದ ಅದಿರನ್ನು ಬಿಂಗ್‌ನಲ್ಲಿ ಅಳೆಯುತ್ತಿದ್ದರು. ಒಂದು ಬಿಂಗ್ ಎಂದರೆ 8 ಹಂಡ್ರೆಡ್‌ವೇಟ್, ಇಂದಿನ ತೂಕದಲ್ಲಿ 400 ಕಿಲೋಗಿಂತ ತುಸು ಹೆಚ್ಚು. ಕರಗಿಸಿದ ಸೀಸದ ತೂಕ ಫೋದರ್. ಅದು ಊರಿಂದ ಊರಿಗೆ ಬೇರೆ. ಲಂಡನ್ನಿನ ಫೋದರ್ ಹತ್ತೊಂಬತ್ತೂವರೆ ಹಂಡ್ರೆಡ್‌ವೇಟ್, ನ್ಯೂಕ್ಯಾಸಲ್‌ನದು ಅದಕ್ಕಿಂತ ದೊಡ್ಡದು. ಬೆಲೆ ಹೋಲಿಸುವ ಮೊದಲು ಇದು ಯಾವ ಊರಿನ ಫೋದರ್ ಎಂದು ಕೇಳಿಕೊಳ್ಳದೆ ನಾನು ಒಂದು ಅಂಕಿಯನ್ನೂ ಹಾಳೆಗೆ ಇಳಿಸುವುದಿಲ್ಲ.

ಇಷ್ಟಾದ ಮೇಲೆ ನಾನು ಹಿಡಿದ ದಾರಿ ಇದು. ಒಂದು ವರ್ಷ ಆರಿಸಿಕೊಂಡೆ. ಆ ವರ್ಷದ ಅದಿರು ನೆಲದಿಂದ ಮೇಲೆ ಬಂದಲ್ಲಿಂದ ದುಡ್ಡಾಗುವ ತನಕ ಬೇರೆ ಬೇರೆ ಪುಸ್ತಕಗಳಲ್ಲಿ ಅದರ ಹಿಂದೆಯೇ ಹೋದೆ. ಪತ್ರಗಳನ್ನು ಮುಟ್ಟಲಿಲ್ಲ.

ಮೊದಲು ಗುತ್ತಿಗೆ ಪುಸ್ತಕ. ಗಣಿಯವರು ದಿನಗೂಲಿಯವರಲ್ಲ. ನಾಲ್ಕೈದು ಜನ ಪಾಲುದಾರರಾಗಿ ಸೇರಿ, ಗಣಿಯ ಇಂಥ ಜಾಗದಲ್ಲಿ, ಬಿಂಗಿಗೆ ಇಷ್ಟು ಶಿಲಿಂಗ್‌ನಂತೆ ಅದಿರು ಎತ್ತಿಕೊಡುತ್ತೇವೆ ಎಂದು ಏಜೆಂಟನ ಜೊತೆ ಮಾತಾಡಿಕೊಳ್ಳುತ್ತಿದ್ದರು. ಸಾಮಾನ್ಯವಾಗಿ ಮೂರು ತಿಂಗಳ ಮಾತು. ಒಂದು ನಮೂದೆಂದರೆ ಎರಡು ಮೂರು ಸಾಲು: ಪಾಲುದಾರರ ಹೆಸರು, ಜಾಗ, ದರ, ಅವಧಿ. ಆ ದರದ ಒಂದು ಅಂಕಿಯ ಹಿಂದೆ ಎರಡೂ ಕಡೆಯ ಅನುಭವ ಇದೆ. ಅದಿರಿನ ಪಟ್ಟಿ ದಪ್ಪವಿದ್ದರೆ ದರ ಕಡಿಮೆ, ಬಂಡೆ ಗಟ್ಟಿಯಿದ್ದು ಅದಿರು ತೆಳ್ಳಗಿದ್ದರೆ ದರ ಹೆಚ್ಚು. ಹಾಗಾಗಿ ದರವನ್ನು ನೋಡುತ್ತಾ ಹೋದರೆ ನೆಲದೊಳಗೆ ಏನಾಗುತ್ತಿತ್ತು ಎಂಬುದು ಹೊರಗೆ ಕೂತವರಿಗೂ ಗೊತ್ತಾಗುತ್ತದೆ. ಒಂದೇ ಜಾಗಕ್ಕೆ ತ್ರೈಮಾಸಿಕದಿಂದ ತ್ರೈಮಾಸಿಕಕ್ಕೆ ದರ ಏರುತ್ತಿದ್ದರೆ ಅಲ್ಲಿ ಅದಿರು ಸೊರಗುತ್ತಿದೆ ಎಂದು ಗುರುತು ಹಾಕಿಕೊಳ್ಳಿ. ಅದಿರಿಲ್ಲದ ಬಂಡೆಯಲ್ಲಿ ಸುರಂಗ ಕೊರೆಯುವ ಕೆಲಸಕ್ಕೆ ಮಾತ್ರ ಫ್ಯಾದಂ ಲೆಕ್ಕದಲ್ಲಿ, ಅಂದರೆ ಆರಡಿಗೆ ಇಷ್ಟೆಂದು, ಕೂಲಿ.

ಎರಡನೆಯದು ಮುಂಗಡದ ಲೆಕ್ಕ. ಪೂರ್ತಿ ಹಣ ಕೈಗೆ ಬರುತ್ತಿದ್ದದ್ದು ಸಾಮಾನ್ಯವಾಗಿ ವರ್ಷಕ್ಕೊಮ್ಮೆ. ಅಲ್ಲಿಯವರೆಗೆ ತಿಂಗಳು ತಿಂಗಳು ಹೊಟ್ಟೆಪಾಡಿಗೆಂದು ಸ್ವಲ್ಪ ಕೊಟ್ಟು ವರ್ಷದ ಕೊನೆಗೆ ಅದನ್ನು ಮುರಿದುಕೊಳ್ಳುತ್ತಿದ್ದರು. ಮೋಂಬತ್ತಿ, ಸಿಡಿಮದ್ದು, ಉಪಕರಣ ಹರಿತ ಮಾಡಿದ ಖರ್ಚು ಕೂಡ ಪಾಲುದಾರರ ತಲೆಗೇ. ಅದಿರು ಕೈಕೊಟ್ಟ ವರ್ಷ ಮುಂಗಡವೇ ದುಡಿಮೆಯನ್ನು ಮೀರಿ, ಬಾಕಿ ಮುಂದಿನ ವರ್ಷಕ್ಕೆ ಉರುಳುತ್ತಿತ್ತು. ನಮ್ಮ ಕಾಫಿ ತೋಟಗಳ ಮುಂಗಡ ವ್ಯವಸ್ಥೆ ಕಂಡವರಿಗೆ ಈ ಕಾಲಂ ಯಾರೂ ವಿವರಿಸಬೇಕಾಗಿಲ್ಲ.

ಮೂರನೆಯದು ಸಾಗಣೆ. ನನಗೆ ಎಲ್ಲಕ್ಕಿಂತ ಹೆಚ್ಚು ಕಲಿಸಿದ್ದು ಇದೇ, ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಗುಡ್ಡದ ಗಣಿಯಿಂದ ಡ್ಯೂಕ್ಸ್‌ಫೀಲ್ಡ್‌ಗೆ ಹತ್ತಾರು ಮೈಲಿ, ನಡುವೆ ಜೌಗು ಬಯಲು. ಗ್ಯಾಲೊವೇ ಎಂಬ ಗಿಡ್ಡ ಹೇರುಕುದುರೆಗಳ ಬೆನ್ನ ಮೇಲೆ ಅದಿರು ಸಾಗುತ್ತಿತ್ತು. ದಾರಿಯ ಹುಲ್ಲಿನ ಮೇಲೆಲ್ಲ ಸೀಸದ ಪುಡಿ ಉದುರಿರುತ್ತಿದ್ದರಿಂದ ಕುದುರೆಗಳು ಅದನ್ನು ಮೇಯದಂತೆ ಬಾಯಿಗೆ ಕುಕ್ಕೆ ಕಟ್ಟುತ್ತಿದ್ದರು. ಚಳಿಗಾಲದಲ್ಲಿ ಈ ದಾರಿ ಕುದುರೆಗೂ ನಡೆಯಲಾಗದ ಕೆಸರು, ಹಾಗಾಗಿ ಸಾಗಣೆಯೆಲ್ಲ ಬೇಸಿಗೆಯ ತಿಂಗಳುಗಳಿಗೆ ಬಂದು ನಿಲ್ಲುತ್ತಿತ್ತು. ಆದರೆ ಕುದುರೆಗಳ ಯಜಮಾನರು ಯಾರು? ಸಣ್ಣ ರೈತರು. ಬೇಸಿಗೆಯೆಂದರೆ ಅವರಿಗೆ ಹುಲ್ಲು ಕೊಯ್ದು ಒಣಗಿಸುವ ಕಾಲ, ಅದರ ಬೆನ್ನಿಗೇ ಕಟಾವು. ಏಜೆಂಟನಿಗೆ ಕುದುರೆ ಬೇಕಾದ ವಾರಗಳಲ್ಲೇ ರೈತನಿಗೂ ಅದು ಬೇಕು.

ಇದನ್ನು ಲೆಕ್ಕದಲ್ಲಿ ಹೇಗೆ ಕಾಣುವುದು? ಪ್ರತಿ ವಾರ ಕರಗಿಸುವ ಮಿಲ್ಲಿಗೆ ಬಂದ ಬಿಂಗ್‌ಗಳನ್ನು ಒಂದು ಹಾಳೆಯಲ್ಲಿ ಕೆಳಗೆ ಕೆಳಗೆ ಬರೆದುಕೊಂಡೆ. ಮೇ ತಿಂಗಳಿಂದ ಅಂಕಿ ಏರುತ್ತದೆ, ಹುಲ್ಲಿನ ಕೆಲಸದ ಹೊತ್ತಿಗೆ ಕುಸಿಯುತ್ತದೆ, ಮತ್ತೆ ಚೇತರಿಸಿಕೊಂಡು ಶರತ್ಕಾಲದ ಮಳೆಗೆ ನಿಂತುಹೋಗುತ್ತದೆ. ಆ ಹಾಳೆಯನ್ನು ಮಗ್ಗುಲಲ್ಲಿಟ್ಟುಕೊಂಡು ಪತ್ರ ತೆರೆದಾಗ ಏಜೆಂಟನ ಮಾತಿನ ಬಿಸಿ ಎಲ್ಲಿಂದ ಬಂತೆಂದು ಥಟ್ಟನೆ ಹೊಳೆಯಿತು. ಸಾಗಣೆಯವರ ಬಗ್ಗೆ ಅವನು ಗೊಣಗುವುದು ಬರೀ ಗೊಣಗಾಟವಲ್ಲ. ಅದಿರು ಗುಡ್ಡದಲ್ಲೇ ಉಳಿದರೆ ಚಳಿಗಾಲವಿಡೀ ಅಲ್ಲೇ ಇರುತ್ತದೆ, ಮಿಲ್ಲು ಖಾಲಿ ಕೂರುತ್ತದೆ, ಕೊಟ್ಟ ಮುಂಗಡ ಇನ್ನೊಂದು ವರ್ಷ ನೆಲದಲ್ಲಿ ಹೂತಂತೆ.

ಮಿಲ್ಲಿನ ಲೆಕ್ಕ ಸರಳ. ಹೊಳೆಯ ನೀರಿನ ಚಕ್ರ ತಿದಿ ಒತ್ತುತ್ತದೆ, ಪೀಟ್ (ಜೌಗು ನೆಲದಿಂದ ಅಗೆದು ಒಣಗಿಸಿದ ಉರುವಲು) ಮತ್ತು ಕಲ್ಲಿದ್ದಲು ಉರಿಯುತ್ತವೆ, ಅದಿರು ಸೀಸದ ಗಟ್ಟಿಯಾಗುತ್ತದೆ. ಬೆಳ್ಳಿಯ ಅಂಶ ಸಾಕಷ್ಟಿದ್ದರೆ ಅದನ್ನು ಬೇರ್ಪಡಿಸುತ್ತಾರೆ. ನಾಲ್ಕೈದು ಬಿಂಗ್‌ಗೆ ಒಂದು ಫೋದರ್ ಸೀಸ ಬಂದರೆ ಎಲ್ಲ ಸರಿ ಎಂದರ್ಥ. ಅದಕ್ಕಿಂತ ಕಡಿಮೆ ಬಂದರೆ ಸರಿಯಾಗಿ ತೊಳೆಯದ ಅದಿರೋ, ಕರಗಿಸುವವರ ಅಜಾಗರೂಕತೆಯೋ, ಕಳವೋ ಎಂದು ಏಜೆಂಟ್ ಹುಡುಕಲು ಹೊರಡುತ್ತಿದ್ದ.

ಗಟ್ಟಿಗಳು ಮತ್ತೆ ಕುದುರೆಯೇರಿ ಟೈನ್ ನದಿಯ ದಡದ ಬ್ಲೇಡನ್‌ಗೆ, ಅಲ್ಲಿಂದ ನೀರಿನ ಮೇಲೆ ನ್ಯೂಕ್ಯಾಸಲ್‌ಗೆ, ಮುಂದೆ ಲಂಡನ್‌ಗೆ, ಹಾಲೆಂಡ್‌ಗೆ. ಚಾವಣಿಗೆ, ಕೊಳವೆಗೆ, ಬಿಳಿ ಬಣ್ಣಕ್ಕೆ, ಬಂದೂಕಿನ ಗುಂಡಿಗೆ ಸೀಸ ಬೇಕಿತ್ತು. ಈಸ್ಟ್ ಇಂಡಿಯಾ ಕಂಪನಿಯೂ ಸೀಸ ಕೊಂಡು ಪೂರ್ವಕ್ಕೆ ಹಡಗಿನಲ್ಲಿ ಕಳಿಸುತ್ತಿತ್ತು. ಮಾರಾಟದ ಹಣ ಹುಂಡಿಯ ರೂಪದಲ್ಲಿ, ಅಂದರೆ ಇಂಥ ದಿನ ಹಣ ಸಲ್ಲಬೇಕು ಎಂಬ ಕಾಗದವಾಗಿ ಬರುತ್ತಿತ್ತು, ತಿಂಗಳುಗಳ ಗಡುವಿನ ಮೇಲೆ. ಆದರೆ ಗಣಿಯವರಿಗೆ ಹುಂಡಿ ಕೊಟ್ಟರೆ ಅವರೇನು ಮಾಡಿಯಾರು? ಅವರಿಗೆ ನಾಣ್ಯವೇ ಬೇಕು. ಚಿಲ್ಲರೆ ನಾಣ್ಯಕ್ಕೆ ಆ ಶತಮಾನವಿಡೀ ಬರ. ವರ್ಷದ ಬಟವಾಡೆ ಹತ್ತಿರ ಬಂದಂತೆ ಏಜೆಂಟನ ಪತ್ರಗಳಲ್ಲಿ ನಗದಿನ ಚಿಂತೆ ಯಾಕೆ ತುಂಬಿಕೊಳ್ಳುತ್ತದೆ ಎಂಬುದು ಹುಂಡಿಗಳ ಗಡುವನ್ನು ಬಟವಾಡೆಯ ದಿನದ ಪಕ್ಕದಲ್ಲಿ ಬರೆದುಕೊಂಡಾಗಲೇ ನನಗೆ ತಿಳಿದದ್ದು. 1777ರ ನಂತರ ಈ ವ್ಯವಹಾರ ನೋಡಿಕೊಂಡ ಜಾನ್ ಎರಾಸ್ಮಸ್ ಬ್ಲ್ಯಾಕೆಟ್ ನ್ಯೂಕ್ಯಾಸಲ್‌ಗೆ ನಾಲ್ಕು ಸಲ ಮೇಯರ್ ಆದವನು, ಅಡ್ಮಿರಲ್ ಕಾಲಿಂಗ್‌ವುಡ್‌ಗೆ ಮಾವ. ಅಂಥ ಹುದ್ದೆಯವನು ಗಣಿಯ ಏಜೆಂಟ್ ಆಗಿದ್ದದ್ದು ಮೊದಲು ನನಗೆ ವಿಚಿತ್ರವಾಗಿ ಕಂಡಿತ್ತು. ಈಗ ಕಾಣುವುದಿಲ್ಲ. ವ್ಯಾಪಾರಿಗಳ ನಡುವೆ ಅವನ ಮಾತಿಗಿದ್ದ ಬೆಲೆಯೇ ಆ ಕೆಲಸದ ಅರ್ಧ ಬಂಡವಾಳ.

ಹಳೆಯ ಎಸ್ಟೇಟ್ ಲೆಕ್ಕದಲ್ಲಿ ಲಾಭನಷ್ಟ ಹುಡುಕಲು ಹೋಗಬೇಡಿ. ನಮ್ಮಂಥ ಲೆಕ್ಕಪರಿಶೋಧಕರು ಮೊದಲು ಅದನ್ನೇ ಹುಡುಕುತ್ತಾರೆ. ಅಲ್ಲಿ ಒಂದು ಕಡೆ ಏಜೆಂಟನ ಕೈಗೆ ಬಂದದ್ದು, ಅಂದರೆ ಅವನು ಜವಾಬು ಕೊಡಬೇಕಾದ ಮೊತ್ತ; ಇನ್ನೊಂದು ಕಡೆ ಅವನು ಲೆಕ್ಕ ಒಪ್ಪಿಸಿ ಕಳಚಿಕೊಂಡ ಮೊತ್ತ. ಆ ಲೆಕ್ಕದ ಉದ್ದೇಶ ಏಜೆಂಟ್ ಪ್ರಾಮಾಣಿಕನೇ ಎಂದು ನೋಡುವುದು, ಗಣಿ ಲಾಭದಲ್ಲಿದೆಯೇ ಎಂದಲ್ಲ. ಲಾಭ ಬೇಕೆಂದರೆ ನೀವೇ ಕಟ್ಟಿಕೊಳ್ಳಬೇಕು, ಎಸ್ಟೇಟಿನ ಸ್ವಂತ ಕಾಡಿನಿಂದ ಗಣಿಗೆ ಹೋದ ಮರದ ಬೆಲೆ ಸೇರಿದೆಯೇ ಎಂದೂ ನೋಡಬೇಕು. ವಿಯರ್‌ಡೇಲ್‌ನಲ್ಲಿ ಗಣಿಯ ಹಕ್ಕು ಡರಂನ ಬಿಷಪ್‌ರಿಂದ ಗುತ್ತಿಗೆಗೆ ಬಂದದ್ದು, ಅದರ ಮೇಲೆ ಸ್ಟ್ಯಾನ್‌ಹೋಪ್ ಚರ್ಚಿನ ಪಾದ್ರಿಗೆ ಅದಿರಿನಲ್ಲಿ ದಶಾಂಶ, ಅಂದರೆ ಹತ್ತರಲ್ಲೊಂದು ಪಾಲು. ಆ ಪಾದ್ರಿಯ ಹುದ್ದೆ ದೇಶದಲ್ಲೇ ಶ್ರೀಮಂತವಾದವುಗಳಲ್ಲಿ ಒಂದಾಗಿತ್ತು, ಕಾರಣ ಸೀಸ. ನೆರೆಯ ಆಲ್‌ಸ್ಟನ್ ಮೂರ್‌ನಲ್ಲಿ ಕಥೆಯೇ ಬೇರೆ. ಅಲ್ಲಿ ರಾಜನ ವಿರುದ್ಧದ 1715ರ ದಂಗೆಗೆ ತಲೆ ಕೊಟ್ಟ ಡರ್ವೆಂಟ್‌ವಾಟರ್ ಅರ್ಲ್‌ನ ಜಪ್ತಿಯಾದ ಆಸ್ತಿ 1735ರಲ್ಲಿ ಗ್ರೀನ್‌ವಿಚ್ ಆಸ್ಪತ್ರೆಗೆ ಸೇರಿತ್ತು. ಅದರ ವಸೂಲಿ ನೋಡಿಕೊಂಡವರಲ್ಲಿ ಎಂಜಿನಿಯರ್ ಜಾನ್ ಸ್ಮೀಟನ್ ಒಬ್ಬ. ಎರಡೂ ಕಡೆಯ ಕಾಗದ ಓದುವವರು ಈ ವ್ಯತ್ಯಾಸ ಮರೆಯಬಾರದು.

ಪತ್ರಗಳ ಮಿತಿ ನನಗೆ ಇಂದಿಗೂ ಚುಚ್ಚುತ್ತದೆ. ಪತ್ರದ ನಕಲು ಪುಸ್ತಕದಲ್ಲಿರುವುದು ಹೊರಗೆ ಹೋದ ಪತ್ರಗಳು ಮಾತ್ರ, ಬಂದವು ಎಷ್ಟೋ ಕಳೆದುಹೋಗಿವೆ. ಗಣಿಯವನ ಮಾತು ಏಜೆಂಟನ ಬಾಯಲ್ಲಿ ಹಾದುಬಂದು ಸಿಗುತ್ತದೆ. ತಣ್ಣೀರಲ್ಲಿ ನಿಂತು ಅದಿರು ತೊಳೆದ ಹುಡುಗರು, ಹೆಂಗಸರು ಬಹುಪಾಲು ಒಂದು ಮೊತ್ತವಾಗಿ ಮಾತ್ರ ಉಳಿದಿದ್ದಾರೆ.

ಅದಕ್ಕೆ ನಾನು ಕಂಡುಕೊಂಡ ಉಪಾಯ ಹೆಸರಿನ ಪಟ್ಟಿ. ಗುತ್ತಿಗೆ ಪುಸ್ತಕದ ಪಾಲುದಾರರು, ಗೇಣಿಯ ಪಟ್ಟಿ, ಸಾಗಣೆಯವರ ರಶೀದಿ, ದುಬಾರಿ ವರ್ಷಗಳಲ್ಲಿ ಗಣಿಯವರಿಗೆ ಧಾನ್ಯ ಒದಗಿಸಿದ ಲೆಕ್ಕ, ಎಲ್ಲದರ ಹೆಸರುಗಳನ್ನು ಒಂದೇ ಸ್ಪ್ರೆಡ್‌ಶೀಟ್‌ಗೆ ಹಾಕಿ ವಿಂಗಡಿಸಿದೆ. ಹೆಸರಿನ ಕಾಗುಣಿತ ಒಂದೊಂದು ಕಡೆ ಒಂದೊಂದು ತರಹ, ಆದ್ದರಿಂದ ಊರಿನ ಹೆಸರೂ ಹೊಂದಿದರೆ ಮಾತ್ರ ಒಬ್ಬನೇ ಎಂದು ಒಪ್ಪಿದೆ. ಗಣಿಯಲ್ಲಿ ಪಾಲುದಾರನಾದವನೇ ಬೆಟ್ಟದ ಬದಿಯಲ್ಲಿ ಹಸು ಸಾಕಿಕೊಂಡ ಗೇಣಿದಾರ, ಒಂದೆರಡು ಕುದುರೆ ಇಟ್ಟುಕೊಂಡವನು, ಧಾನ್ಯದ ಬಾಕಿದಾರ. ಹೀಗೆ ಒಬ್ಬನ ವರ್ಷ ಪೂರ್ತಿ ಕಣ್ಣ ಮುಂದೆ ಬರುತ್ತದೆ: ಯಾವಾಗ ನೆಲದೊಳಗೆ, ಯಾವಾಗ ಹುಲ್ಲುಗಾವಲಿನಲ್ಲಿ, ಯಾವಾಗ ಸಾಲದಲ್ಲಿ. 1740ರಲ್ಲಿ ಧಾನ್ಯ ತುಟ್ಟಿಯಾಗಿ ನ್ಯೂಕ್ಯಾಸಲ್‌ನ ಗಿಲ್ಡ್‌ಹಾಲ್‌ಗೇ, ಅಂದರೆ ನಗರಾಡಳಿತದ ಭವನಕ್ಕೇ, ಜನ ನುಗ್ಗಿದ್ದರು. ಅಂಥ ಹೊತ್ತಿನಲ್ಲಿ ಗುಡ್ಡದ ಮೇಲಿನ ಊರುಗಳಿಗೆ ಕಾಳು ತಲುಪಿಸುವುದನ್ನು ಏಜೆಂಟ್ ದಾನವೆಂದು ಎಣಿಸುತ್ತಿರಲಿಲ್ಲ ಎಂದೇ ನನ್ನ ತೀರ್ಮಾನ. ಹಸಿದವನು ಊರು ಬಿಟ್ಟು ಹೋದರೆ ಅವನ ಹೆಸರಲ್ಲಿದ್ದ ಮುಂಗಡ, ಗೇಣಿ, ಕುದುರೆ ಮೂರೂ ಒಟ್ಟಿಗೆ ಹೋಗುತ್ತಿದ್ದವು.

ಈ ಕೆಲಸಕ್ಕೆ ಇಳಿಯುವವರು ಒಮ್ಮೆ ಜಾಗವನ್ನೂ ನೋಡಿ ಬರಬೇಕು. ಡ್ಯೂಕ್ಸ್‌ಫೀಲ್ಡ್‌ನಲ್ಲಿ ಈಗ ಉಳಿದಿರುವುದು ಎರಡು ಕಲ್ಲಿನ ಕಮಾನು. ಕಣಿವೆಗಳ ಹಳೆಯ ಗಣಿಮಣ್ಣಿನ ಮೇಲೆ ಸೀಸ ತಾಳಿಕೊಳ್ಳುವ ಸ್ಪ್ರಿಂಗ್ ಸ್ಯಾಂಡ್‌ವರ್ಟ್ ಎಂಬ ಪುಟ್ಟ ಬಿಳಿ ಹೂವು ಇಂದಿಗೂ ಬೆಳೆಯುತ್ತದೆ. ಆಲೆನ್‌ಹೆಡ್ಸ್ ಕಡೆಯಿಂದ ಮಳೆಯ ದಿನ ನಡೆದು ಬಂದರೆ ವಾರದ ಬಿಂಗ್‌ಗಳ ಅಂಕಿ ಯಾಕೆ ಕುಸಿಯುತ್ತಿತ್ತೆಂದು ಕಾಲಿಗೇ ಗೊತ್ತಾಗುತ್ತದೆ. ಒಳ್ಳೆಯ ಬೂಟು ಹಾಕಿಕೊಳ್ಳಿ, ಹಳೆಯ ಸುರಂಗಗಳ ಬಾಯಿಗೆ ಹೋಗಬೇಡಿ. ಮನೆಗೆ ಬಂದ ಮೇಲೆ ಮೊದಲು ಸಾಗಣೆಯ ಪುಸ್ತಕ ತೆಗೆಯಿರಿ.