ಬಿಯರ್ ಆಮೇಲೆ ನೋಡೋಣ, ಮೊದ್ಲು ಶುಂಠಿ ಬಿಯರ್ ಮಾಡಿ

ಬೆಂಗಳೂರಲ್ಲಿ ಮೈಕ್ರೋಬ್ರೂವರಿಗೆ, ಅಂದ್ರೆ ಅಲ್ಲೇ ಬಿಯರ್ ಮಾಡಿ ಕೊಡೋ ಪಬ್ಬಿಗೆ, ಹೋಗಿ ಬಂದ ನಮ್ ಹುಡುಗ್ರೆಲ್ಲ ಚಿಂತಾಮಣಿಗೆ ವಾಪಸ್ ಬಂದ ತಕ್ಷಣ ಕೇಳೋದು ಒಂದೇ, ಮನೇಲೇ ಬಿಯರ್ ಮಾಡ್ಬೋದಾ ಅಂತ. ಲೈಸೆನ್ಸ್ ಇಲ್ದೆ ಮದ್ಯ ತಯಾರ್ಸೋದು ಕರ್ನಾಟಕ ಅಬಕಾರಿ ಕಾಯ್ದೆ, 1965ರ ಪ್ರಕಾರ ಅಪರಾಧ ಕಣ್ರಪ್ಪ, "ನಮ್ಮನೆಗೆ ಮಾತ್ರ ಸಾರ್" ಅಂದ್ರೆ ಯಾರೂ ಕೇಳಲ್ಲ. ಅದಕ್ಕೇ ನಾನು ಶುಂಠಿ ಬಿಯರ್ ಹಿಡ್ಕೊಂಡೆ. ಬೇಗ ಫ್ರಿಜ್ಜಿಗೆ ಹಾಕಿದ್ರೆ ಸೋಡಾ ಥರಾನೇ ಇರುತ್ತೆ, ಆದ್ರೆ ಕೆಲ್ಸ ಕಲಿಯೋದು ಅದೇ: ಯೀಸ್ಟು ಅನ್ನೋ ಸೂಕ್ಷ್ಮಜೀವಿ ಸಕ್ಕರೆ ತಿಂದು ಗ್ಯಾಸ್ ಬಿಡುತ್ತೆ.

ಬಿಯರ್‌ಗೆ ಬಾರ್ಲಿ ಮೊಳಕೆ ಕಟ್ಟಿ ಒಣಗಿಸ್ತಾರೆ, ನಮ್ಮಜ್ಜಿ ಮಗು ರಾಗಿ ಸರಿಗೆ ರಾಗಿ ಮೊಳಕೆ ಕಟ್ಟಿ ಒಣಗಿಸ್ತಿದ್ರಲ್ಲ ಹಂಗೇನೆ, ಮೊಳಕೆ ಬಂದ್ರೆ ಕಾಳಲ್ಲಿರೋ ಪಿಷ್ಟಾನ ಸಕ್ಕರೆ ಮಾಡೋ ಎಂಜೈಮ್ ಹುಟ್ಕೊಳುತ್ತೆ. ಶುಂಠೀಲಿ ಆ ರಾಮಾಯಣ ಇಲ್ಲ, ಸಕ್ಕರೆ ನೇರ ಹಾಕೋದು.

ಮೊದ್ಲು ಹೆಪ್ಪು ಬೇಕು. ಮೊಸರಿಗೆ ಹೆಪ್ಪು ಇದ್ದಂಗೆ ಇದಕ್ಕೂ. ಗಾಜಿನ ಜಾಡಿ ಬಿಸಿನೀರಲ್ಲಿ ತೊಳ್ದು, ಎರಡು ಲೋಟ ನೀರು, ಎರಡು ಚಮಚ ತುರಿದ ಹಸಿಶುಂಠಿ, ಎರಡು ಚಮಚ ಸಕ್ಕರೆ ಹಾಕಿ ಬಟ್ಟೆ ಕಟ್ಟಿ ಇಡಿ. ಸಿಪ್ಪೆ ತೆಗೀಬೇಡಿ, ಯೀಸ್ಟ್ ಇರೋದೇ ಅಲ್ಲಿ. ನಲ್ಲಿ ನೀರಲ್ಲಿ ಬ್ಲೀಚಿಂಗ್ ಪೌಡರ್ ವಾಸ್ನೆ ಬಂದ್ರೆ ರಾತ್ರಿಯೆಲ್ಲ ತೆರೆದಿಟ್ಟು ಆಮೇಲೆ ಬಳಸಿ, ಇಲ್ಲಾಂದ್ರೆ ಕ್ಯಾನ್ ನೀರು. ದಿನಾ ಒಂದೊಂದು ಚಮಚ ಶುಂಠಿ, ಸಕ್ಕರೆ ಹಾಕಿ ಕಲಸ್ತಾ ಇರಿ. ಬೇಸಿಗೇಲಿ ನಂಗೆ ಮೂರನೇ ದಿನಕ್ಕೇ ನೊರೆ ಬರುತ್ತೆ, ಡಿಸೆಂಬರ್ ಚಳೀಲಿ ವಾರ ಹಿಡಿಯುತ್ತೆ. ಕಿವಿ ಹತ್ರ ಇಟ್ರೆ ಸುಯ್ಯ್ ಅಂತ ಕೇಳ್ಬೇಕು. ತಳದಲ್ಲಿ ಬಿಳಿ ಗಸಿ ಇದ್ರೆ ಪರ್ವಾಗಿಲ್ಲ, ಮೇಲೆ ಹಸಿರು ಕಪ್ಪು ಬೂಷ್ಟು ಬಂತೋ, ಮುಲಾಜಿಲ್ದೆ ಚೆಲ್ಲಿ.

ಆಮೇಲೆ ನೂರು ಗ್ರಾಂ ಶುಂಠಿ ಜಜ್ಜಿ ಒಂದು ಲೀಟರ್ ನೀರಲ್ಲಿ ಕಾಲು ಗಂಟೆ ಕುದಿಸಿ, 200 ಗ್ರಾಂ ಸಕ್ಕರೆ ಕರಗಿಸಿ, ಇಳಿಸಿ ಇನ್ನೊಂದು ಲೀಟರ್ ತಣ್ಣೀರು ಸೇರಿಸಿ. ಪೂರ್ತಿ ತಣ್ಣಗಾಗ್ಲಿ, ಬಿಸಿಗೆ ಹೆಪ್ಪು ಹಾಕಿದ್ರೆ ಸತ್ತೋಗುತ್ತೆ. ಎರಡು ನಿಂಬೆಹಣ್ಣು ಹಿಂಡಿ, ಸೋಸಿ, ಅರ್ಧ ಲೋಟ ಹೆಪ್ಪಿನ ನೀರು ಹಾಕಿ ಕಲಸಿ ಬಾಟಲಿಗೆ ತುಂಬಿ, ಮೇಲೆ ಎರಡು ಇಂಚು ಖಾಲಿ ಬಿಡಿ.

ಬಾಟಲಿ ವಿಷ್ಯಕ್ಕೆ ನಿಮಗೆ ಕೈ ಮುಗೀತೀನಿ, ಗಾಜು ಬೇಡ. ನಾನು ಮೊದಲ್ನೇ ಸಲ ಯಾವ್ದೋ ತಣ್ಣಗಿನ ದೇಶದವ್ರ ರೆಸಿಪಿ ನೋಡಿ, ಅವ್ರು ಒಂದ್ ವಾರ ಅಂದಿದ್ರು, ಏಪ್ರಿಲ್ಲಲ್ಲಿ ಜ್ಯೂಸ್ ಬಾಟಲಿಗೆ ತುಂಬಿ ರಾಗಿಹಿಟ್ಟಿನ ಡಬ್ಬಿ ಪಕ್ಕ ಇಟ್ಟೆ. ಮೂರನೇ ದಿನ ಮಧ್ಯಾಹ್ನ ಢಮ್! ಅಮ್ಮ ಹಾಲ್ ಕಡೆಯಿಂದ ಓಡಿ ಬಂದು, "ಏನೋ ಅದು, ಕುಕ್ಕರ್ ಸಿಡೀತಾ?" ಅಂದ್ರು. ಗೋಡೆ ಮೇಲೆಲ್ಲ ಶುಂಠಿ ನಾರು, ಹಿಟ್ಟಿನ ಡಬ್ಬಿ ಮುಚ್ಚಳದ ಮೇಲೆ ಗಾಜು. ಪುಣ್ಯಕ್ಕೆ ಯಾರೂ ಇರ್ಲಿಲ್ಲ ಅಲ್ಲಿ, ಹಿಟ್ಟು ಪೂರ್ತಿ ಎಸೆದ್ವಿ, ಆ ಬೈಗುಳ ಇಲ್ಲಿ ಬರಿಯೋಕಾಗಲ್ಲ.

ಅವತ್ತಿಂದ ದಿನ ಎಣಿಸೋದು ಬಿಟ್ಟು ಬಾಟಲಿ ಹಿಸುಕಿ ನೋಡ್ತೀನಿ. ಪ್ಲಾಸ್ಟಿಕ್ ಕೂಲ್‌ಡ್ರಿಂಕ್ಸ್ ಬಾಟಲಿನೇ ಬೇಕು, ನೀರಿನ ಬಾಟಲಿ ತೆಳು, ಪ್ರೆಶರ್ ತಡಿಯಲ್ಲ. ತುಂಬಿದಾಗ ಮೆತ್ತಗಿರುತ್ತೆ, ಬೆಳಗ್ಗೆ ಸಂಜೆ ಹಿಸುಕ್ತಾ ಇರಿ, ಅಂಗಡೀಲಿ ಹೊಸ ಬಾಟಲಿ ಇರುತ್ತಲ್ಲ ಅಷ್ಟು ಗಟ್ಟಿ ಆದ್ರೆ ಸೀದಾ ಫ್ರಿಜ್ಜಿಗೆ. ಬೇಸಿಗೇಲಿ ಒಂದೇ ದಿನಕ್ಕೂ ಆಗ್ಬೋದು. ಫ್ರಿಜ್ಜಲ್ಲೂ ಪೂರ್ತಿ ನಿಲ್ಲಲ್ಲ, ನಿಧಾನ ಆಗುತ್ತೆ ಅಷ್ಟೆ, ವಾರದೊಳಗೆ ಕುಡಿದು ಮುಗಿಸಿ, ತೆಗೆಯುವಾಗ ಸಿಂಕ್ ಮೇಲೆ ಮುಚ್ಚಳ ಚೂರ್‌ಚೂರೇ ತಿರುಗಿಸಿ.

ಅಲ್ಪಸ್ವಲ್ಪ ಆಲ್ಕೋಹಾಲ್ ಇದ್ರಲ್ಲೂ ಇರುತ್ತೆ, ಮಕ್ಕಳಿಗೆ, ಬಸುರಿ ಹೆಂಗಸ್ರಿಗೆ ಕೊಡ್ಬೇಡಿ. ಹೊರಗೇ ಮರ್ತು ಬಿಟ್ಟು ಸಿಹಿಯೆಲ್ಲ ಹೋಗಿ ಹೆಂಡದ ವಾಸ್ನೆ ಬಂದ್ರೆ ಅದು ಸೋಡಾ ಲೆಕ್ಕ ಅಲ್ಲ, ಬಚ್ಚಲಿಗೆ ಸುರಿದು ಹೊಸದಾಗಿ ಮಾಡಿ. ಹೆಪ್ಪು ಹೆಂಗೂ ಉಳಿದಿರುತ್ತೆ, ಫ್ರಿಜ್ಜಲ್ಲಿಟ್ಟು ವಾರಕ್ಕೊಂದ್ಸಲ ಒಂದ್ ಚಮಚ ಶುಂಠಿ, ಸಕ್ಕರೆ ಹಾಕ್ತಿದ್ರೆ ಸಾಕು.